ಮೂರು ಗಂಟೆ ಹನ್ನೆರಡು ನಿಮಿಷ

ಇಂಜಿನಿಯರ್ ಸಾಹೇಬರು ಬೀರುವಿನ ಎರಡನೆಯ ಅರೆಗೆ ಕೈ ಹಾಕಿ, ಮಡಚಿಟ್ಟ ಬಟ್ಟೆಗಳನ್ನು ಪಕ್ಕಕ್ಕೆ ಸರಿಸುತ್ತಿದ್ದಾಗ ಮಗಳು ಬಾಗಿಲಲ್ಲಿ ಬಂದು ನಿಂತಳು.

"ಅಲ್ಲೇನು ಹುಡುಕ್ತಿದೀರಾ ಸರ್?"

ಸಾಹೇಬರು ಕೈ ಹಿಂದೆ ತೆಗೆದುಕೊಂಡರು. ಬೀರು ಮಾತ್ರ ಮುಚ್ಚಲಿಲ್ಲ. "ಆಫೀಸಿನದೊಂದು ರಿಜಿಸ್ಟರ್ ಕಣಮ್ಮ. ನಿಮ್ಮ ತಾಯಿ ಮನೆಗೆ ತಂದಿದ್ರು. ಇಂಥ ಹೊತ್ತಲ್ಲಿ ಕೇಳಬಾರ್ದು, ಆದ್ರೆ ನಾಳೆ ವಿಚಾರಣೆ ಇದೆ."

"ಅಮ್ಮನ್ನ ಇನ್ನೂ ಎತ್ತಿಲ್ಲ ಸರ್."

ನಡುಮನೆಯಲ್ಲಿ ಬಿಳಿ ಹೊದಿಕೆಯ ಕೆಳಗೆ ಅವಳು ಮಲಗಿದ್ದಳು. ರಸ್ತೆ ಇಲಾಖೆಯ ಟೆಂಡರ್ ಗುಮಾಸ್ತೆ. ಇಪ್ಪತ್ತಾರು ವರ್ಷದ ನೌಕರಿ. ನಿನ್ನೆ ಬೆಳಿಗ್ಗೆ ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದವಳು ಎದೆ ಹಿಡಿದುಕೊಂಡು ಹೊಸ್ತಿಲ ಮೇಲೇ ಕುಸಿದಿದ್ದಳು.

"ಗಡಿಯಾರದಮ್ಮ ಅಂತಿದ್ವಿ ನಾವು," ಗೋಡೆಗೆ ಒರಗಿ ಕೂತ ಟೈಪಿಸ್ಟ್ ಪಕ್ಕದವಳಿಗೆ ಹೇಳುತ್ತಿದ್ದಳು. "ಅವರು ಊಟದ ಡಬ್ಬಿ ತೆಗೆದ್ರೆ ನಾವು ವಾಚು ಸರಿ ಮಾಡ್ಕೋತಿದ್ವಿ." ನಗಲು ಹೋಗಿ ಅತ್ತುಬಿಟ್ಟಳು.

*

ಟೆಂಡರ್ ಪೆಟ್ಟಿಗೆ ಇದ್ದದ್ದು ಅವಳ ಮೇಜಿನ ಪಕ್ಕದಲ್ಲೇ. ಪ್ರತಿ ಲಕೋಟೆ ಬಂದ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವುದು, ಕೊನೆಯ ದಿನ ಮೂರು ಗಂಟೆಗೆ ಸರಿಯಾಗಿ ಪೆಟ್ಟಿಗೆಯ ಬಾಯಿಗೆ ಅರಗು ಹಾಕಿ ಮುದ್ರೆ ಒತ್ತುವುದು ಅವಳ ಕೆಲಸ. ಎರಡು ತಿಂಗಳ ಹಿಂದೆ ನಲವತ್ತು ಕಿಲೋಮೀಟರ್ ರಸ್ತೆಯ ಟೆಂಡರಿಗೆ ಐದು ಲಕೋಟೆಗಳು ಬಿದ್ದಿದ್ದವು. ಅರಗು ಆರಿದ ಮೇಲೆ ದೊಡ್ಡ ಗುತ್ತಿಗೆದಾರನ ಭಾವಮೈದ ಆರನೆಯದನ್ನು ಹಿಡಿದು ಬಂದ. ಅವನ ಬೆನ್ನಿಗೇ ಸಾಹೇಬರು.

"ಎರಡು ಐವತ್ತು ಅಂತ ಬರೀರಿ."

ಅವಳು ಪೆನ್ನಿನ ಮುಚ್ಚಳ ತೆಗೆದಳು. ಗೋಡೆಯತ್ತ ನೋಡಿದಳು. ಬರೆದಳು: ಮೂರು ಗಂಟೆ ಹನ್ನೆರಡು ನಿಮಿಷ.

"ತಲೆ ಕೆಟ್ಟಿದೆಯೇನ್ರೀ? ಹಿಂದೆ ಬರೆದಿರ್ಲಿಲ್ವಾ?"

"ಬರೆದಿದ್ದೆ ಸರ್. ಅದಕ್ಕೇ ಈಗ ಬರೆಯಲ್ಲ."

ಆದರೂ ಲಕೋಟೆ ಹೇಗೋ ಒಳಸೇರಿತು, ಕೆಲಸ ಆ ಗುತ್ತಿಗೆದಾರನಿಗೇ ಸಿಕ್ಕಿತು. ಸೋತವರಲ್ಲೊಬ್ಬ ದೂರು ಕೊಟ್ಟ. ಆಫೀಸಿನಲ್ಲಿ ಬಿಟ್ಟರೆ ಆ ಹಾಳೆ ಉಳಿಯುವುದಿಲ್ಲವೆಂದು ಅವಳು ರಿಜಿಸ್ಟರನ್ನೇ ಮನೆಗೆ ಹೊತ್ತು ತಂದಳು.

*

ಮಾತು ಕೇಳಿ ಗಂಡ ಎಡಗಾಲು ಎಳೆದುಕೊಂಡು ಒಳಗೆ ಬಂದ. ಏಳು ವರ್ಷದ ಹಿಂದೆ, ಕಟ್ಟಿ ವರ್ಷ ತುಂಬದ ಹಳ್ಳದ ಸೇತುವೆ ಕುಸಿದು ಅವನು ಓಡಿಸುತ್ತಿದ್ದ ಬಸ್ಸು ಕೆಳಗೆ ಬಿದ್ದಿತ್ತು. ಮೂವರು ಪ್ರಯಾಣಿಕರು ಸತ್ತರು. ಅವನ ಮೊಣಕಾಲು ಮತ್ತೆ ಮಡಚಲಿಲ್ಲ.

ರಿಜಿಸ್ಟರ್ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಹಾಸಿಗೆಯ ಅಡಿಯಿಂದ ಎಳೆದು ತೆಗೆದ. ಸಾಹೇಬರು ಕೈ ಚಾಚಿದರು, ಅವನು ಕೊಡಲಿಲ್ಲ.

ಸಾಹೇಬರು ಬಾಗಿಲು ಮುಂದೆ ಮಾಡಿದರು. "ನೋಡಿ ಯಜಮಾನ್ರೇ, ಇದು ನಾಳೆ ವಿಚಾರಣೆಗೆ ಹೋದ್ರೆ ಅವರು ಒಂದೇ ಪುಟ ಓದಿ ಮುಚ್ಚಿಡಲ್ಲ. ಒಂಬತ್ತು ವರ್ಷದ ಹಿಂದಿನದು ತೆಗೀರಿ. ಶುರುವಿನಲ್ಲೇ ಇದೆ."

ತೆಗೆದ. ಹಳ್ಳದ ಸೇತುವೆ. ಅದೇ ಗುತ್ತಿಗೆದಾರ. ಎರಡು ಗಂಟೆ ಐವತ್ತು ನಿಮಿಷ. ಕೆಳಗೆ ಹೆಂಡತಿಯ ದುಂಡು ಸಹಿ.

"ಅವತ್ತು ಆ ಲಕೋಟೆ ಬಂದಾಗ ನಾಲ್ಕು ಹೊಡೆದಿತ್ತು," ಸಾಹೇಬರು ದನಿ ತಗ್ಗಿಸಿದರು. "ಬರೆಸಿದ್ಯಾರು ಅಂತ ಎಲ್ಲೂ ಬರೆದಿಲ್ಲ. ಸಹಿ ಮಾತ್ರ ಅವರದು. ಸತ್ತವರ ಹೆಸರಿಗೆ ಮಸಿ ಬಳೀಬೇಕಾ? ಗಂಡನ ಕಾಲು ಮುರಿದೋಳು ಇವಳೇ ಅಂತಾರೆ ಜನ."

*

ನಾಲ್ಕು ತಿಂಗಳು ಆಸ್ಪತ್ರೆಯಲ್ಲಿ ಅವನ ಗಾಯ ತೊಳೆದವಳು ಅವಳೇ. ದಾದಿಯರಿಗೂ ಮುಟ್ಟಗೊಟ್ಟಿರಲಿಲ್ಲ. ಆದರೆ ತೊಳೆಯುವಾಗ ಒಮ್ಮೆಯೂ ಅವನ ಮುಖ ನೋಡಿದವಳಲ್ಲ.

"ಹೇಸಿಗೆ ಆದ್ರೆ ಬಿಡೇ," ಅಂದಿದ್ದ ಒಂದು ದಿನ.

ಅವಳು ತಲೆ ತಗ್ಗಿಸಿಕೊಂಡೇ ಹತ್ತಿ ಹಿಂಡಿದ್ದಳು.

*

"ಈ ಪುಟ ಇದರಲ್ಲೇ ಇದೆ ಅಂತ ಅವಳಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಅವರದೇ ಕೈಬರಹ."

"ಗೊತ್ತಿದ್ದೂ ನಾಳೆ ಕೊಡೋಕೆ ಹೊರಟಿದ್ಲು."

ಗಂಡ ಬಾಗಿಲು ತೆರೆದ. ಮಗಳು ಅಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು.

"ನಾಳೆ ಅಮ್ಮ ಹೋಗ್ಬೇಕಾಗಿದ್ದ ಕಡೆ ನೀನು ಹೋಗು ಮಗಳೇ. ಇಡೀ ಪುಸ್ತಕ ಕೊಡು. ಒಂದು ಹಾಳೇನೂ ಹರೀಬೇಡ."

"ಅಪ್ಪಾ, ಅಮ್ಮನ ಹೆಸರು..."

"ಅವಳ ಹೆಸರು ಅವಳೇ ಬರೆದಿಟ್ಟಿದಾಳೆ. ಅಳಿಸೋಕೆ ನಾವ್ಯಾರು?" ನಡುಮನೆಯ ಬಿಳಿ ಹೊದಿಕೆಯತ್ತ ತಿರುಗಿದ. ಮೊದಲ ಬಾರಿಗೆ ಅವನ ದನಿ ಏರಿತು. "ನನಗೊಂದು ಮಾತು ಹೇಳಬಹುದಿತ್ತಲ್ಲೇ!"

ಕೂತವರೆಲ್ಲ ಬೆಚ್ಚಿ ನೋಡಿದರು. ಮಗಳು ರಿಜಿಸ್ಟರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಸಾಹೇಬರನ್ನು ದಾಟಿ ಹೋದಳು.

ಚಟ್ಟ ಎತ್ತುವ ಹೊತ್ತಿಗೆ ಗಂಡ ಮುಂದಿನ ಎಡ ತುದಿಗೆ ಹೋಗಿ ನಿಂತ.

"ಭಾವ, ನಿಮ್ಮ ಕೈಲಾಗಲ್ಲ, ಬಿಡಿ," ಅಂದ ಹೆಂಡತಿಯ ತಮ್ಮ.

"ಆಗತ್ತೆ. ಎತ್ತು."

ಹೆಜ್ಜೆ ಹೆಜ್ಜೆಗೂ ಚಟ್ಟ ಆ ಕಡೆ ವಾಲುತ್ತಿತ್ತು. ಉಳಿದ ಮೂವರು ಮೊದಮೊದಲು ಸಮ ಹಿಡಿಯಲು ಹೆಣಗಿದರು. ಬೀದಿಯ ತಿರುವು ಬರುವಷ್ಟರಲ್ಲಿ ಅವರೂ ಒಬ್ಬೊಬ್ಬರಾಗಿ ಅವನ ಲಯಕ್ಕೆ ಕಾಲು ಹೊಂದಿಸಿಕೊಂಡಿದ್ದರು. ನಾಲ್ವರೂ ಒಟ್ಟಿಗೆ ಕುಂಟುತ್ತ ನಡೆದರು. ಹಿಂದೆ ಸಾಹೇಬರ ಕಾರು, ದಾಟಿ ಹೋಗಲು ಜಾಗವಿಲ್ಲದೆ, ಅವರದೇ ನಡಿಗೆಯಲ್ಲಿ ಬರುತ್ತಿತ್ತು.