ಮಂಗಳವಾರದವರೆಗೂ ಮುಟ್ಟಬೇಡಿ

ಕುದಿಯುವ ನೀರಿನಲ್ಲಿ ಗಾಜಿನ ಸಿರಿಂಜು, ಪಕ್ಕದಲ್ಲಿ ಸ್ಪಿರಿಟ್ಟಿನ ಬಾಟಲಿ. ಎರಡೂ ಬೆರೆತ ಆ ವಾಸನೆ ಕಾಂಪೌಂಡರ್ ಆಗಿದ್ದ ಅಪ್ಪನ ಅಂಗಿಯಿಂದ ಸದಾ ಬರುತ್ತಿತ್ತು. ಜಗಳೂರಿನ ಡಯಾಲಿಸಿಸ್ ಕೇಂದ್ರದ ಬಾಗಿಲು ದಾಟಿದಾಗೆಲ್ಲ ಅದು ನೆನಪಾಗುತ್ತದೆ. ವಾರಕ್ಕೆರಡು ಸಲ ನಾದಿನಿ ಬೊಮ್ಮಕ್ಕನನ್ನು ನಮ್ಮೂರು ಸೊಕ್ಕೆಯಿಂದ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಆ ಮಂಗಳವಾರ ಅವಳ ಪಾದ ಊದಿತ್ತು, ಮಾತಿನ ನಡುವೆ ಉಸಿರು ಸಾಲುತ್ತಿರಲಿಲ್ಲ. ನರ್ಸ್ ಚೈತ್ರಶ್ರೀ ಹಾಸಿಗೆ ಸಿದ್ಧ ಮಾಡಿದ್ದಳು. ಆದರೆ ಕಂಪ್ಯೂಟರಿನಲ್ಲಿ ರೋಗಿಗಳ ದಾಖಲೆ ತೆರೆಯಲಿಲ್ಲ. ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಯಾವ ಔಷಧಿ ಎಷ್ಟು ಎಂಬುದೆಲ್ಲ ಅದರೊಳಗೇ ಇತ್ತು. ಅಂದಾಜಿನ ಮೇಲೆ ಸೂಜಿ ಚುಚ್ಚಲು ಅವಳು ಒಪ್ಪಲಿಲ್ಲ.

“ನಾನೇ ಅಪ್‌ಡೇಟ್ ಒತ್ತಿದ್ದು,” ಎಂದ ಅಲ್ಲಿನ ಆಪರೇಟರ್ ಆಂಜನೇಯ. “ಮಂಗಳವಾರ ನೋಡಿ ಹೇಳ್ತೀನಿ, ಅಲ್ಲೀವರೆಗೂ ಮುಟ್ಟಬ್ಯಾಡ್ರಿ ಅಂತ ಅರುಣಾ ಮೇಡಂ ಅಂದಿದ್ರು. ಇವತ್ತು ಅಮಾಸೆ. ಹೊಸದು ಹಾಕಾಕೆ ದಿನ ಚಲೋ ಅಲ್ಲ ಅಂತ ನಿನ್ನೆ ಸಂಜೆನೇ ಒತ್ತಿಬಿಟ್ಟೆ.”

“ಅಮಾಸೆ ನನ್ನ ಕಾಲಾಗೇ ಬಂದು ಕುಂತೈತೆ ಬಿಡಪ್ಪ,” ಎಂದಳು ಬೊಮ್ಮಕ್ಕ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು – ಒಂದೇ ಟ್ರಸ್ಟು ನಡೆಸುವ ಈ ನಾಲ್ಕು ಡಯಾಲಿಸಿಸ್ ಕೇಂದ್ರಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಅರುಣಾ, ಇರುವುದು ಚನ್ನಗಿರಿಯಲ್ಲಿ. ಹೊಸ ಆವೃತ್ತಿ ಹಳೆಯ ಯಂತ್ರಗಳಲ್ಲಿ ಓಡುವುದಿಲ್ಲವೆಂಬ ಒಂದು ಸಾಲು ಸಾಫ್ಟ್‌ವೇರ್ ಕಂಪನಿಯ ಇಪ್ಪತ್ತು ಪುಟದ ಪತ್ರದಲ್ಲಿತ್ತಂತೆ. ಅದನ್ನು ಓದಿದ್ದವಳು ಅವಳೊಬ್ಬಳೇ. ಚೈತ್ರಶ್ರೀ ಅವಳಿಗೆ ಫೋನ್ ಮಾಡಿ, ಆದದ್ದನ್ನು ಹೇಳಿ, ಸ್ಪೀಕರಿಗೆ ಹಾಕಿದಳು. ಬೈಗುಳ ಬರುತ್ತದೆಂದು ಎಲ್ಲರೂ ಕಾದೆವು.

“ಆಂಜನೇಯಣ್ಣ, ಎಷ್ಟು ಮಂದಿ ಬಂದಾರೆ?”

“ಆರು, ಮೇಡಂ.”

“ಯಾರಿಗೆ ಕಷ್ಟ ಜಾಸ್ತಿ ಐತೆ, ಅವ್ರ ಹೆಸರು ಮೊದ್ಲು ಹೇಳ್ರಿ. ನಮ್ಮಲ್ಲಿ ಇನ್ನೂ ಹಳೇದೇ ಐತೆ, ನಾಲ್ಕೂ ಕಡೆಯವ್ರದು ಎಲ್ಲಾ ಕಾಣ್ತೈತೆ.”

ಬೊಮ್ಮಕ್ಕನ ಹೆಸರು ಹೇಳಿದರು. ಅರುಣಾ ಒಂದೊಂದೇ ಅಂಕಿ ಓದಿದಳು. ಚೈತ್ರಶ್ರೀ ಬರೆದು, ತಿರುಗಿ ಓದಿ, ಡಾಕ್ಟರಿಗೆ ತೋರಿಸಿ ಬಂದಳು. ಅಷ್ಟು ಗಡಿಬಿಡಿಯಲ್ಲೂ ಅರುಣಾ ಕೇಳಿದ್ದು ನನಗೆ ಮರೆಯದು: “ಬೊಮ್ಮಕ್ಕಾರ ಜೊತೆ ಯಾರಾದ್ರೂ ಅದಾರೇನ್ರಿ?”

“ನಾನಿದ್ದೀನಮ್ಮ,” ಎಂದೆ.

ಹತ್ತೂಕಾಲಿಗೆ ಯಂತ್ರ ಶುರುವಾಯಿತು. ಉಳಿದವರಿಗೂ ಹಾಗೆಯೇ, ಒಬ್ಬರಾದ ಮೇಲೊಬ್ಬರಿಗೆ.

ಮಧ್ಯಾಹ್ನ ಎರಡೂವರೆಗೆ ಅರುಣಾ ತಾನೇ ಬಂದಳು. ಹೊಸ ಆವೃತ್ತಿ ಓಡುವಂಥ ಬೇರೆ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಎರಡು ಬಸ್ಸು ಬದಲಿಸಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದಳು. ವೈರುಗಳನ್ನೆಲ್ಲ ಜೋಡಿಸಿ, ಕುರ್ಚಿಯನ್ನು ಆಂಜನೇಯನತ್ತ ಎಳೆದಳು.

“ಈಗ ಅಪ್‌ಡೇಟ್ ಒತ್ರಿ.”

“ಇನ್ನೂ ಅಮಾಸೆ ಐತೆ, ಮೇಡಂ.”

“ಗೊತ್ತೈತ್ರಿ. ಹೊರಡಬ್ಯಾಡ ಅಂತ ನಮ್ಮವ್ವನೂ ಹಟ ಹಿಡಿದಿದ್ಲು. ದಿನ ಗೊತ್ತು ಮಾಡೋವಾಗ ನಾನೇ ಕ್ಯಾಲೆಂಡರ್ ನೋಡ್ಬೇಕಿತ್ತು.”

ಆಂಜನೇಯ ಒತ್ತಿದ. ಹೆಸರುಗಳು ಒಂದರ ಕೆಳಗೊಂದು ಮೂಡಿದವು. ತಪ್ಪಿನಲ್ಲಿ ಅರ್ಧವನ್ನು ಅವಳು ಎಷ್ಟು ಸಲೀಸಾಗಿ ತನ್ನ ಮೇಲೆಳೆದುಕೊಂಡಳು ಎಂದು ನಾನು ನೋಡುತ್ತಲೇ ಇದ್ದೆ. ನಲವತ್ತು ವರ್ಷ ಪಾಠ ಮಾಡಿದ ನನಗೆ ಅದು ಬಂದಿರಲಿಲ್ಲ.

ಅಷ್ಟರಲ್ಲಿ ಬೊಮ್ಮಕ್ಕ ತೂಕ ಮಾಡಿಸಿಕೊಂಡು, ಚಪ್ಪಲಿಗೆ ಪಾದ ತೂರಿಸಿ, “ಹಿಡೀತು ನೋಡು,” ಎಂದಳು. ಉಸಿರು ಸಲೀಸಾಗಿತ್ತು.

ಅರುಣಾ ಪರದೆಯಿಂದ ಕಣ್ಣು ತೆಗೆಯದೆ ಬೆಳಗಿನ ಅಂಕಿಗಳನ್ನು ತುಂಬುತ್ತಿದ್ದಳು. ಆಂಜನೇಯ ಕೈ ತೊಳೆದು ಬಂದ. ಬ್ಯಾಗಿನಿಂದ ತನ್ನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯವನ್ನು ಅವಳ ಕೈಗಿತ್ತ.