ಶನಿ ಎಂಬ ಹೆಸರು

ಟಿಳಕವಾಡಿಯ ಚಂದ್ರಭಾಗಾಬಾಯಿಯ ಮನೆಯಲ್ಲಿ ಶನಿವಾರ ಎನ್ನುವುದಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. ಆಕೆ ಮದುವೆಯಾಗಿ ಬಂದ ತಿಂಗಳಲ್ಲೇ ಆಟೋ ನಗರದಲ್ಲಿದ್ದ ಗಂಡನ ಗ್ಯಾರೇಜಿಗೆ ಬೆಂಕಿ ಬಿದ್ದಿತ್ತು. ಕಿಡಿ ಹಾರಿದ್ದು ಕರೆಂಟಿನ ತಂತಿಯಿಂದ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಅತ್ತೆ ಸೊಸೆಗೆ ‘ಶನಿ’ ಎಂದು ಹೆಸರಿಟ್ಟಳು. ಸಾಯುವವರೆಗೂ ಹಾಗೇ ಕರೆದಳು. ಅತ್ತೆ ಹೋದಳು, ಹೆಸರು ಸೊಸೆಯ ಮನಸ್ಸಿನಿಂದ ಹೋಗಲಿಲ್ಲ. ಶನಿದೇವರ ಗುಡಿಯಲ್ಲಿ ಎಲ್ಲರೂ ಅವನ ದೃಷ್ಟಿ ತಪ್ಪಿಸಿ ಬದಿಗೆ ನಿಂತರೆ, ಚಂದ್ರಭಾಗಾ ಆ ಓಣಿಗೇ ಕಾಲಿಡುತ್ತಿರಲಿಲ್ಲ. ಬೆಂಕಿ ತನ್ನಿಂದಲೇ ಬಿತ್ತೇನೋ ಎಂಬ ಅಳುಕು ಒಳಗೊಳಗೇ ಇತ್ತು.

ಚಂದ್ರಭಾಗಾಳ ಸೊಸೆ ವರದಾ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಹೊಸದಾಗಿ ತಂದ, ಕಂಪ್ಯೂಟರ್ ನಡೆಸುವ ದುರ್ಬೀನಿನ ಜೊತೆ ಅತ್ತೆಯನ್ನೂ ಕಾರಿಗೆ ಹತ್ತಿಸಿಕೊಂಡು ಖಾನಾಪುರ ದಾಟಿ ನಂದಗಡದ ಹೊಲಕ್ಕೆ ಬಂದಳು. ಊರ ದೀಪಗಳ ಕಾಟ ಅಲ್ಲಿಲ್ಲ. ಕತ್ತಲಾಗುತ್ತಲೇ ಎರಡು ನಕ್ಷತ್ರ ತೋರಿಸಿ ದುರ್ಬೀನಿಗೆ ದಿಕ್ಕು ಹೇಳಿಕೊಟ್ಟಳು. ಆಮೇಲೆ ಟಿವಿ ರಿಮೋಟಿನಂಥ ಕೀಪ್ಯಾಡನ್ನು ಅತ್ತೆಯ ಕೈಗಿಟ್ಟಳು.

“ಇನ್ನ ಹೆಸರ ಆರಿಸಿ ಒತ್ತಿದ್ರ ಸಾಕ್ರಿ ಅತ್ತಿ. ಆ ಹೆಸರಿನವ್ರು ಎಲ್ಲಿದ್ರೂ ಇದು ಹುಡುಕತೈತಿ.”

ಚಂದ್ರಭಾಗಾ ಮೊದಲು ಚಂದ್ರನನ್ನು ನೋಡಿದಳು. ತನ್ನ ಹೆಸರಿನಲ್ಲಿ ಪಾಲಿರುವವನ ಮುಖದ ತುಂಬ ಗುಳಿ ಕಂಡು ನಕ್ಕಳು. ಆಮೇಲೆ ಕೀಪ್ಯಾಡ್ ಸವರುತ್ತ ಕೇಳಿದಳು.

“ಇದರಾಗ ಶನಿ ಅದಾನೇನು?”

ಮನೆಯಲ್ಲಿ ಯಾರೂ ಆಡದ ಮಾತು ಅತ್ತೆಯ ಬಾಯಿಂದಲೇ ಬಂದಾಗ ವರದಾ ತಡವರಿಸಿದಳು. “ಅದಾನ್ರಿ. ಬ್ಯಾಡಂದ್ರ ಬಿಡೂಣು.”

“ಬ್ಯಾಡ ಅನ್ನಾಕ ಕೇಳಿಲ್ಲ. ಎಲ್ಲಿ ಒತ್ತಲಿ ಹೇಳು.”

ಒತ್ತಿದಳು. ದುರ್ಬೀನು ಗೊರ್ರೆಂದು ತಾನೇ ತಿರುಗಿ ನಿಂತಿತು. ಚಂದ್ರಭಾಗಾ ಒಂದು ಹೆಜ್ಜೆ ಹಿಂದೆ ಸರಿದಳು.

“ನೇರ ಅವನ ದೃಷ್ಟಿಗೆ ಬೀಳೂದಿಲ್ಲೇನ?”

“ಕಣ್ಣಿಡೂದು ಬಾಜೂಕ ಐತ್ರಿ,” ಎಂದಳು ವರದಾ. “ಗುಡ್ಯಾಗ ನಿಂತಂಗನ.”

ಚಂದ್ರಭಾಗಾ ಬಗ್ಗಿ ಕಣ್ಣಿಟ್ಟಳು. ಕರಿ ಆಕಾಶದ ನಡುವೆ ಬಂಗಾರದ ಪುಟ್ಟ ಗುಂಡು. ಅದರ ಸುತ್ತ, ಎಲ್ಲಿಯೂ ತಾಗದೆ ನಿಂತ ಒಂದು ಬಳೆ. ಚಂದ್ರಭಾಗಾಳಿಗೆ ಉಸಿರಾಡಲೂ ಸಂಕೋಚವಾಯಿತು. ಅಷ್ಟು ದೂರದಲ್ಲಿ, ಯಾರ ಗ್ಯಾರೇಜಿನ ಗೊಡವೆಯೂ ಇಲ್ಲದೆ ಅವನು ತನ್ನ ಪಾಡಿಗೆ ತೇಲುತ್ತಿದ್ದ. ಇಂಥ ಚೆಲುವನ್ನು ಆಕೆ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಣ್ಣು ತುಂಬಿ ಬಳೆ ಕದಡಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು.

ಕೊನೆಗೆ ನೆಟ್ಟಗೆ ನಿಂತು, ಬರಿಗಣ್ಣಿಗೆ ಚುಕ್ಕೆಯಾಗಿ ಕಾಣುತ್ತಿದ್ದವನನ್ನು ಬದಿಗೆ ಸರಿಯದೆ ಎದುರೆದುರೇ ದಿಟ್ಟಿಸಿದಳು.

“ನಮ್ಮತ್ತಿ ಇವನ್ನ ನೋಡಿದ್ದಿಲ್ಲ, ಪಾಪ,” ಎಂದಳು. “ನೋಡಿದ್ರ ನನಗ ಬ್ಯಾರೆ ಹೆಸರ ಹುಡುಕ್ತಿದ್ಲು.”