ಹೊಳಗುಂದದ ಮೂಗ ಪೈಲಟ್

ಜೇನುಹುಳದ ಸದ್ದಲ್ಲ, ಜೇನಾಗಿದ್ದರೆ ಹೀಗೆ ಒಂದೇ ಶ್ರುತಿ ಹಿಡಿದು ನಿಲ್ಲುತ್ತಿರಲಿಲ್ಲ, ಇದು ರೆಕ್ಕೆ ತಿರುಗುವ ಸದ್ದು, ಅರವತ್ತೇಳರ ಕಿವಿಗೂ ಅದು ತಪ್ಪುವುದಿಲ್ಲ, ಕ್ಯಾಪ್ಟನ್ ವಿಷ್ಣುತೀರ್ಥರು ಹತ್ತಿ ಹೊಲದ ಬದುವಿನ ಮೇಲೆ ನಿಂತು ತಲೆಯೆತ್ತುತ್ತಾರೆ, ಡ್ರೋನು ಸಾಲಿನಿಂದ ಸಾಲಿಗೆ ಔಷಧಿ ಹೊಡೆಯುತ್ತ ಹೋಗುತ್ತಿದೆ, ಆಡಿಸುತ್ತಿರುವವನು ರುದ್ರೇಶ, ಹನ್ನೆರಡು ವರ್ಷದ ಹಿಂದೆ ತಮ್ಮ ಬಲಗಡೆಯ ಸೀಟಿನಲ್ಲಿ ಕೂತಿದ್ದ ಕೋಪೈಲಟ್, ಈಗ ಬೆನ್ನು ಮಾತ್ರ ಕಾಣುತ್ತದೆ, ಬೆನ್ನು ಅಗಲವಾಗಿದೆ — ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ, ಕಾಗದ ಇದೆ, ಆದೋನಿ ಬಿಟ್ಟಾಗಿನಿಂದ ಹತ್ತು ಸಲ ಮುಟ್ಟಿದ್ದಾಯಿತು, ವಿಮಾನ ಇಲಾಖೆಗೆ ಬರೆದ ನಾಲ್ಕೇ ಸಾಲು, ಅಂದು ರುದ್ರೇಶ ಎಚ್ಚರಿಸಿದ್ದ, ಕೇಳದವನು ನಾನು, ವಿಚಾರಣೆಯಲ್ಲಿ ಸುಳ್ಳು ಹೇಳಿದವನೂ ನಾನು. ಅಂಚೆಗೆ ಹಾಕುವ ಮೊದಲು ಅವನ ಕೈಗೆ ಕೊಡಬೇಕೆಂದು ಬಂದದ್ದು, ಬಸ್ ಸ್ಟ್ಯಾಂಡಿನಲ್ಲಿ ಆಟೋದ ಆಂಜಿನಪ್ಪ, ಈಗಲೂ ಹಿಂದೆ ಬೀಡಿ ಹಚ್ಚಿ ನಿಂತಿದ್ದಾನೆ, ಅವನೇ ಕೇಳಿದ್ದು, ಮೂಗ್ ಪೈಲಟ್ ಹೊಲಕ್ಕೇನ್ರಿ ಸಾರು, ಪೇಪರ್‍ದಾಗ ಬಂದಿತ್ತಲ್ರಿ, ವಿಮಾನ ಕೆಸರಾಗ ಹೊಂಟ್ರೂ ಬಾಯಿ ಬಿಡ್ಲಿಲ್ಲಂತ, ಮಂಚಿ ಮನಿಷೇ ಪಾಪ, ಒಳ್ಳೇ ಮನಶಾ, ಮಾತೇ ಲೇದು. ಆಗಲೇ ಹೇಳಬಹುದಿತ್ತು, ಅಂವ ಮೂಗ ಅಲ್ಲಪ್ಪ ಎಂದು, ದಾರಿಯುದ್ದಕ್ಕೂ ಹೇಳಬಹುದಿತ್ತು, ರಸ್ತೆಯ ಗುಂಡಿ ಎಣಿಸುತ್ತ ಕೂತರು, ಮಾತಿಗೆ ಬಡತನವಿದ್ದವರೇನಲ್ಲ, ಪೈಲಟ್ಟುಗಳ ಕ್ಯಾಂಟೀನಿನಲ್ಲಿ ಇವರಿಗೆ ಆಚಾರ್ರು ಎಂದೇ ಹೆಸರು, ಆಚಾರ್ರು ಬಂದರು ಎಂದರೆ ಟೇಬಲ್ಲಿಗೆ ಕುರ್ಚಿ ಎಳೆದುಕೊಂಡು ಬರುತ್ತಿದ್ದರು ಹುಡುಗರು, ಮೋಡ ಮೆತ್ತಗಿರ್ತದಪ್ಪ, ಅದರೊಳಗಿನ ಗುಡ್ಡ ಮೆತ್ತಗಿರೂದಿಲ್ಲ, ಏರೂದು ನಮ್ಮ ಹುಮ್ಮಸ್ಸು, ಇಳಿಯೂದು ರಾಯರ ದಯಾ, ಹಿಂದ ಬಿಟ್ಟ ರನ್‌ವೇ ಅಂದ್ರ ನಿನ್ನೆ ಉಂಡ ಊಟ, ಇವತ್ತಿನ ಹಸಿವಿಗೆ ಬರೂದಿಲ್ಲ — ಎಲ್ಲರೂ ನಗುತ್ತಿದ್ದರು, ರುದ್ರೇಶ ಎಲ್ಲರಿಗಿಂತ ಜೋರು, ನಮ್ಮ ಕಡೆಯವರು ಎಂಬ ಹೆಮ್ಮೆ ಅವನಿಗೆ, ಹೊಳಗುಂದಕ್ಕೂ ಆದೋನಿಗೂ ಎಷ್ಟು ಮಹಾ ದೂರ, ಮಗನಿದ್ದಂತೆ ನೀನು ಎಂದು ತಾವೇ ಅಂದದ್ದು, ಕಾಕ್‌ಪಿಟ್ಟಿನ ಇಂಗ್ಲಿಷ್ ಬಿಡಿಸಿ ಮನೆಯ ಮಾತು ರೂಢಿ ಮಾಡಿಸಿದ್ದು, ಅದೇ ತಪ್ಪಾಯಿತೆ, ಆ ಇಂಗ್ಲಿಷಿನಲ್ಲಿ ಹಿರಿಯ ಕಿರಿಯ ಇರಲಿಲ್ಲ, ಎರಡು ಪದ, ಗೋ ಅರೌಂಡ್, ಇಳಿಯಬೇಡ, ಮತ್ತೆ ಮೇಲೇರಿ ಸುತ್ತು ಹಾಕು ಎಂದು, ಯಾರು ಅಂದರೂ ಕೈ ತಾನಾಗಿ ಲಿವರ್ ಮುಂದೆ ತಳ್ಳಬೇಕು, ಯಾಕೆ ಎಂದು ಕೇಳುವಂತಿಲ್ಲ.

ಮಳೆ ನಿಂತ ಮಧ್ಯಾಹ್ನ, ಸಣ್ಣ ಕಂಪನಿಯ ಸಣ್ಣ ವಿಮಾನ, ಹಿಂದೆ ಏಳು ಜನ, ರನ್‌ವೇ ಹಸಿಹಸಿ ಹೊಳೆಯುತ್ತಿದೆ, ವೇಗ ಹೆಚ್ಚು, ಎತ್ತರವೂ ಹೆಚ್ಚು, ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ದೇವರ ಮುಂದೆ ಹೇಳಲಾರರು, ಅರ್ಧ ರನ್‌ವೇ ಆಗಲೇ ಚಕ್ರದ ಕೆಳಗೆ ಸರಿದುಹೋಗಿತ್ತು, ನಿನ್ನೆ ಉಂಡ ಊಟ, ಆಗ ಬಲಗಡೆಯಿಂದ ರುದ್ರೇಶ, ಹಿರಿಯರಿಗೆ ಬೇಡ ಎನ್ನಲಾರದ ಮನೆಯಲ್ಲಿ ಬೆಳೆದ ಹುಡುಗ, ಅಷ್ಟು ಮೆತ್ತಗೆ, ಆಚಾರ್ರ, ಒಂದ್ ಸುತ್ತು ಹಾಕ್ಕೊಂಡು ಬರೋಣೇನ್ರಿ. ಮತ್ತು ಇವರು, ನಗುತ್ತ, ಪ್ರದಕ್ಷಿಣಿ ಗುಡಿಗೆ ಹಾಕೂದಪ್ಪ, ಏರ್‌ಪೋರ್ಟಿಗಲ್ಲ. ಅವನೂ ನಕ್ಕ, ಸುಮ್ಮನಾದ, ರನ್‌ವೇ ಮುಗಿಯಿತು, ಬೇಲಿ, ಕೆಸರು, ಮುಂದಿನ ಚಕ್ರ ಮುರಿದ ಸದ್ದು, ಯಾರೂ ಸಾಯಲಿಲ್ಲ, ಅದೊಂದು ಪುಣ್ಯ. ನಂದವರಂ ಕಡೆಯ ಹೊಳೆಯಲ್ಲಿ ಒಬ್ಬ ಅಂಬಿಗನಿದ್ದನಂತೆ, ಅಜ್ಜಿ ಜಯಾಬಾಯಿ ಹೇಳುತ್ತಿದ್ದ ಕಥೆ, ಹರಗೋಲಿನಲ್ಲಿ ಕೂತ ಒಬ್ಬ ಮುದುಕಿ ನೀರಿನ ವಾಸನಿ ಬ್ಯಾರೆ ಆಗೇದಪ್ಪ ಅಂದಳಂತೆ, ಅಂಬಿಗ ನಗದೆ ಹರಗೋಲು ದಡಕ್ಕೆ ತಿರುಗಿಸಿದನಂತೆ, ಅಷ್ಟೇ ಕಥೆ, ಆಮೇಲೆ ಏನಾಯಿತಜ್ಜಿ ಎಂದರೆ ಏನೂ ಆಗ್ಲಿಲ್ಲ ಕೂಸ, ಅದೇ ಕಥಿ ಎನ್ನುತ್ತಿದ್ದಳು, ಚಿಕ್ಕಂದಿನಲ್ಲಿ ಅದು ಸಪ್ಪೆ ಕಥೆ ಅನ್ನಿಸಿತ್ತು. ವಿಚಾರಣೆಯ ಕೋಣೆಯಲ್ಲಿ ಇಬ್ಬರ ದನಿಯನ್ನೂ ಯಂತ್ರದಿಂದ ಹಾಕಿ ಕೇಳಿಸಿದರು, ಅಧಿಕಾರಿಗಳಿಗೆ ಕನ್ನಡ ಬಾರದು, ಏನು ಮಾತಾಡುತ್ತಿದ್ದೀರಿ ಎಂದು ಮೊದಲು ಇವರನ್ನು ಕೇಳಿದರು, ಊರಿನ ಗುಡಿಯ ಮಾತು ಸರ್ ಎಂದರು ಇವರು, ಆಮೇಲೆ ರುದ್ರೇಶನನ್ನು ಕೇಳಿದರು, ಅವನು ಒಮ್ಮೆ ಇವರ ಮುಖ ನೋಡಿ, ಒಮ್ಮೆಯೇ, ಹೌದು ಸರ್, ಗುಡಿಯ ಮಾತು ಎಂದ. ಇಬ್ಬರೂ ಒಂದೇ ಹೇಳಿದ ಮೇಲೆ ಬೇರೆ ಯಾರನ್ನೂ ಕೇಳಲಿಲ್ಲ, ಎಚ್ಚರಿಸಬೇಕಾದಲ್ಲಿ ಕೋಪೈಲಟ್ ಮೌನವಾಗಿದ್ದ ಎಂದು ಬರೆದುಕೊಂಡರು, ಇವರನ್ನು ಆರು ತಿಂಗಳು ಮನೆಯಲ್ಲಿ ಕೂಡಿಸಿ ಮತ್ತೆ ಹಾರಲು ಬಿಟ್ಟರು, ಅವನನ್ನು ಯಾವ ಕಂಪನಿಯೂ ಒಳಗೆ ಬಿಡಲಿಲ್ಲ, ಮತ್ತು ಅವನ ತಾಯಿ ವೀರಬಸಮ್ಮ — ಬೇಡ, ಅದು ಈಗ ಬೇಡ, ಡ್ರೋನು ನೋಡಬೇಕು — ಆಕೆ ಒಂದು ಗುರುವಾರ ಆದೋನಿಯ ಮನೆಗೆ ಬಂದಿದ್ದಳು, ಹಣೆ ತುಂಬ ವಿಭೂತಿ, ಹೊಸ್ತಿಲ ಹೊರಗೇ ನಿಂತು, ಆಚಾರ್ರ, ನೀವು ಬಾಜೂಕ ಇದ್ರಿ, ನನ್ ಮಗ ಯಾಕ ಬಾಯಿ ಬಿಡ್ಲಿಲ್ಲರಿ, ಹುಟ್ಟಿದಾಗಿಂದ ವಟವಟ ಅನ್ನಾಂವ. ಪೂಜೆ ಆಗಷ್ಟೇ ಮುಗಿದಿತ್ತು, ದೈವೇಚ್ಛಾ ತಾಯಿ ಎಂದು ಅವಳ ಅಂಗೈಗೆ ಮಂತ್ರಾಕ್ಷತೆ ಹಾಕಿದರು, ಸುಳ್ಳನ್ನು ದೇವರ ಪ್ರಸಾದದ ಜೊತೆ ಕೊಟ್ಟರು, ಅವಳು ಕಣ್ಣಿಗೊತ್ತಿಕೊಂಡಳು.

ಹೊಲದ ಆಚೆ ತುದಿಯಲ್ಲಿ, ಬೋರಿನ ಕರೆಂಟು ಕಂಬದ ಹತ್ತಿರ, ಹೆಂಗಸೊಬ್ಬಳು, ಸಂಘದಿಂದ ಡ್ರೋನು ಕಲಿಯಲು ಬಂದ ಮಲ್ಲೇಶ್ವರಿ ಎಂದು ಆಂಜಿನಪ್ಪ ಹೇಳುತ್ತಿದ್ದಾನೆ, ರುದ್ರೇಶ ಅವಳಿಗೆ ಈಚೆಯಿಂದ ಕೂಗಿ ಹೇಳುವುದು ಕೇಳಿಸುತ್ತದೆ, ತಂಗಿ, ತಂತಿ ಹತ್ರ ಬಂದ್ರ ಬ್ಯಾಡ ಅನ್ನು, ಅಣ್ಣಾ ಅನ್ನಬ್ಯಾಡ, ರೀ ಹಚ್ಚಬ್ಯಾಡ, ನೀ ಅಣ್ಣಾರ ದಯಮಾಡಿ ಅನ್ನೂದ್ರಾಗ ಡ್ರೋನು ತಂತಿಗೆ ಜೋಕಾಲಿ ಆಡ್ತಿರ್ತೈತಿ. ಮನ್ಯಾಗ ಗಂಡಗ ದಿನಾ ಅಂತೀನಣ್ಣ, ರೂಢಿ ಐತಿ ಎಂದು ಅವಳು, ಆಂಜಿನಪ್ಪ ಕೆಮ್ಮುವಷ್ಟು ನಗುತ್ತಾನೆ, ಡ್ರೋನು ಕೊನೆಯ ಸಾಲಿಗೆ ತಿರುಗುತ್ತದೆ, ಗಾಳಿ ಪಕ್ಕಕ್ಕೆ ಎಳೆಯುತ್ತಿದೆ, ವಿಷ್ಣುತೀರ್ಥರಿಗೆ ಇಲ್ಲಿಂದ ತಂತಿ ಕಾಣುವುದಿಲ್ಲ, ರುದ್ರೇಶನಿಗೂ ಕಾಣುವುದಿಲ್ಲ, ಬ್ಯಾಡ — ಅವಳ ದನಿ ಬೀಳುವುದೂ ಡ್ರೋನು ಮೇಲೇಳುವುದೂ ಒಂದೇ ಕ್ಷಣ, ಅವನು ತಿರುಗಿ ನೋಡಲಿಲ್ಲ, ಯಾಕೆ ಎನ್ನಲಿಲ್ಲ, ನಗಲಿಲ್ಲ, ಮೇಲೆ ಏರಿಸಿ, ದೊಡ್ಡ ಸುತ್ತು ಹಾಕಿಸಿ, ಮೆಲ್ಲಗೆ ತಂದು ಇಳಿಸಿದ, ಏನೂ ಆಗಲಿಲ್ಲ. ಇಷ್ಟು ಸುಲಭವಿತ್ತೆ. ಯಾವಾಗ ಬಂದ್ರಿ ಆಚಾರ್ರ ಎನ್ನುತ್ತ ಕೈ ಒರೆಸಿಕೊಂಡು ಅವನು ಬರುತ್ತಿದ್ದಾನೆ, ಅದೇ ಹಲ್ಲು, ಅದೇ ನಗು, ಇವರು ಕಾಗದ ತೆಗೆಯುತ್ತಾರೆ, ಮೊದಲು ಬಾಯಿಯಿಂದಲೇ ಹೇಳಬೇಕು, ಆಂಜಿನಪ್ಪಾ, ಕೇಳಿಲ್ಲಿ, ಅಂವ ಅವತ್ತು ಹೇಳಿದ್ದ, ಇಳಿಸಬ್ಯಾಡ್ರಿ ಅನ್ನೂ ಅರ್ಥಕ್ಕ ಹೇಳಿದ್ದ, ನಾ ನಕ್ಕೆ, ಆಮ್ಯಾಲೆ ಸುಳ್ಳು ಹೇಳಿದೆ. ಆಂಜಿನಪ್ಪ ಬೀಡಿ ಕೆಳಗೆ ಹಾಕುತ್ತಾನೆ, ರುದ್ರೇಶ ನಾಲ್ಕು ಸಾಲನ್ನೂ ಓದುತ್ತಾನೆ, ಎರಡು ಸಲ ಓದುತ್ತಾನೆ, ಮಡಿಸಿ ತಿರುಗಿ ಕೊಡುತ್ತಾನೆ, ಹಾಕ್ರಿ ಅಂಚಿಗೆ, ನಿಮ್ ಮನಸಿಗೆ ಸಮಾಧಾನ ಆಗ್ತೈತಿ ಅಂದ್ರ ಹಾಕ್ರಿ, ಹೋದ ತಿಂಗಳ ತಂದಿದ್ರ ಅವ್ವಗ ಓದಿ ಹೇಳ್ತಿದ್ನಿ, ಆಕಿಗೆ ಕಣ್ಣು ಹೋಗಿದ್ವು, ಕಿವಿ ಕಡೀತನಕಾ ಚಲೋ ಇದ್ವು. ಸಿಟ್ಟಿಲ್ಲ ದನಿಯಲ್ಲಿ, ಅಷ್ಟು ಹೇಳಿ ಔಷಧಿಯ ಡಬ್ಬಿ ತುಂಬಲು ಹೋಗುತ್ತಾನೆ, ಹೋದ ತಿಂಗಳು, ವೀರಬಸಮ್ಮ ತೀರಿಕೊಂಡ ಸುದ್ದಿ ಆದೋನಿಗೆ ಬಂದ ಮಾರನೆಯ ದಿನವೇ ಕಾಗದ ಬರೆಯಲು ಕೂತದ್ದು, ಕೇಳುವವಳು ಇಲ್ಲವೆಂದು ಖಾತ್ರಿಯಾದ ಮೇಲೆ ಬಂದ ಧೈರ್ಯ, ಹನ್ನೆರಡು ವರ್ಷ ಆ ಕಿವಿ ಕಾದಿತ್ತು, ಸ್ವಾಮೀ, ಜಪ ಮಾಡೋಣವೆಂದರೆ ನಾಮ ಬರುತ್ತಿಲ್ಲ, ಹೊಸ್ತಿಲು ಬರುತ್ತದೆ, ಗುರುವಾರ ಬರುತ್ತದೆ, ಅಂಗೈ, ಹತ್ತಿ ಬಿಡಿಸಿ ಬಿಡಿಸಿ ಗೀರು ಬಿದ್ದ ಬೆರಳು, ನಡುವೆ ಏಳೆಂಟು ಕೆಂಪು ಅಕ್ಕಿಕಾಳು, ಕಣ್ಣಿಗೊತ್ತಿಕೊಂಡು ಮತ್ತೆ ಚಾಚಿದ್ದಳಲ್ಲ, ಇನ್ನೂ ಏನೋ ಕೊಡುತ್ತಾರೆಂಬಂತೆ, ಆ ಅಂಗೈ, ಚಾಚಿದ್ದು, ಕೆಂಪು ಕಾಳು, ಆ ಅಂಗೈ